ಜೋರ್ಕಿ-4: 1/1000ರಲ್ಲಿ ಚಿತ್ರದ ಬಲಬದಿ ಕಪ್ಪು, ರೇಂಜ್‌ಫೈಂಡರ್ ಕೂಡ ತಪ್ಪು. ಯಾವುದಕ್ಕೆ ಮೊದಲು ಕೈ ಹಾಕಬೇಕು?

ನೆಗೆಟಿವ್_ಗಂಟು

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಸೋವಿಯತ್ ಕಾಲದ ಜೋರ್ಕಿ-4, ಸೀರಿಯಲ್ ನಂಬರ್ 68ರಿಂದ ಶುರುವಾಗುತ್ತದೆ, ಅಂದರೆ 1968ರದ್ದು. ಲೆನ್ಸ್ ಜ್ಯುಪಿಟರ್-8, 50 ಮಿ.ಮೀ. ಎಫ್/2. ಒಂದು ರೋಲ್ ಕಪ್ಪು-ಬಿಳುಪು ಹಾಕಿ, ಒಂದೇ ಗೋಡೆಯನ್ನು ಎಲ್ಲ ವೇಗದಲ್ಲೂ ತೆಗೆದು ನೋಡಿದ ಮೇಲೆ ಕಂಡದ್ದು ಇಷ್ಟು:

1/1000: ಚಿತ್ರದ ಎಡಬದಿ ಸರಿ ಇದೆ. ಬಲಕ್ಕೆ ಹೋದಂತೆ ಕಪ್ಪಾಗುತ್ತಾ ಹೋಗಿ, ಅಂಚಿನಲ್ಲಿ ಏನೂ ಇಲ್ಲ.
1/500: ಬಲ ಅಂಚು ಸುಮಾರು ಒಂದು ಸ್ಟಾಪ್ (ಬೆಳಕು ಅರ್ಧದಷ್ಟು) ಮಂಕು.
1/250: ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.
1/125 ಮತ್ತು ಕೆಳಗೆ: ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಫೋಕಸ್ ವಿಷಯ ಬೇರೆ. ರೇಂಜ್‌ಫೈಂಡರಿನಲ್ಲಿ (ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕಿಂಡಿ) ದೂರದ ಮೊಬೈಲ್ ಟವರ್ ನೋಡಿದರೆ, ಲೆನ್ಸ್ ಅನಂತದಲ್ಲಿದ್ದಾಗ ಎರಡು ಬಿಂಬಗಳು ಕೂಡುವುದಿಲ್ಲ. ಎರಡನೆಯದು ಸ್ವಲ್ಪ ಮೇಲೂ ಇದೆ, ಪಕ್ಕಕ್ಕೂ ಇದೆ. ಲೆನ್ಸ್ ಪೂರ್ತಿ ತೆರೆದ ಎಫ್/2ರಲ್ಲಿ 1 ಮೀಟರ್ ದೂರದ ಸ್ಕೇಲ್ ತೆಗೆದರೆ ಫೋಕಸ್ 6 ಸೆಂ.ಮೀ. ಹಿಂದೆ ಬಿದ್ದಿದೆ. ಫೋಕಸ್ ರಿಂಗ್ ಕೂಡ ಬಿಗಿ, ತಿರುಗಿಸುವಾಗ ಲೆನ್ಸೇ ಮೌಂಟಿನಿಂದ ಬಿಚ್ಚಿಕೊಳ್ಳುತ್ತದೆ.

ಶಟರ್ ಪರದೆಯ ಸ್ಪ್ರಿಂಗ್ ಬಿಗಿ ಮಾಡಿದರೆ ಸಾಕು ಎಂದು ಕೆಲವರು ಹೇಳಿದರು. ಮೇಲಿನ ಕವಚ ಬಿಚ್ಚದೆ ಎಷ್ಟು ಕೆಲಸ ಮಾಡಬಹುದು? ಯಾವ ಕ್ರಮದಲ್ಲಿ?

---

ಪರದೆಯ_ಹಿಂದೆ

ಮೊದಲ ರೋಲಿನಲ್ಲೇ ಎಲ್ಲ ವೇಗವನ್ನೂ ತೆಗೆದು ನೋಡಿದ್ದು ತುಂಬಾ ಒಳ್ಳೆಯದಾಯಿತು. ರೋಗ ಏನು ಅಂತ ಆ ನಾಲ್ಕು ಸಾಲಿನಲ್ಲೇ ಇದೆ. ಸ್ಪ್ರಿಂಗಿಗೆ ಈಗಲೇ ಕೈ ಹಾಕಬೇಡಿ.

ಜೋರ್ಕಿಯಲ್ಲಿ ರಬ್ಬರ್ ಬಳಿದ ಎರಡು ಬಟ್ಟೆ ಪರದೆಗಳಿವೆ. ಮೊದಲನೆಯದು ತೆರೆಯುತ್ತಾ ಓಡುತ್ತದೆ, ಎರಡನೆಯದು ಮುಚ್ಚುತ್ತಾ ಬೆನ್ನಟ್ಟುತ್ತದೆ. ನಡುವಿನ ಸೀಳೇ ಎಕ್ಸ್‌ಪೋಶರ್. ಕ್ಯಾಮೆರಾದ ಹಿಂದಿನಿಂದ ನೋಡಿದರೆ ಪರದೆ ಬಲದಿಂದ ಎಡಕ್ಕೆ ಓಡುತ್ತದೆ. ಫಿಲ್ಮಿನ ಮೇಲೆ ಬಿಂಬ ತಲೆಕೆಳಗಾಗಿ, ಎಡಬಲವೂ ಅದಲುಬದಲಾಗಿರುವುದರಿಂದ, ಸರಿಯಾಗಿ ಹಿಡಿದ ಚಿತ್ರದಲ್ಲಿ ಎಡಬದಿ ಓಟದ ಆರಂಭ, ಬಲಬದಿ ಓಟದ ಕೊನೆ. ನಿಮ್ಮ ಕಪ್ಪು ಬಲಕ್ಕಿದೆ, ಅದೂ ನಿಧಾನವಾಗಿ ಏರುತ್ತಾ ಹೋಗಿದೆ. ಎರಡನೇ ಪರದೆ ಮೊದಲನೆಯದನ್ನು ದಾರಿಯಲ್ಲಿ ಹಿಡಿದುಬಿಡುತ್ತಿದೆ.

ಲೆಕ್ಕ ಹಾಕಿ ನೋಡೋಣ. ಸುಲಭಕ್ಕೆ ಪರದೆ 36 ಮಿ.ಮೀ. ದಾಟಲು 18 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ, ಅಂದರೆ ಮಿಲಿಸೆಕೆಂಡಿಗೆ 2 ಮಿ.ಮೀ. ಆಗ 1/1000ಕ್ಕೆ ಸೀಳು 2 ಮಿ.ಮೀ., 1/500ಕ್ಕೆ 4 ಮಿ.ಮೀ. ಈಗ ಮೊದಲ ಪರದೆ ಎರಡನೆಯದಕ್ಕಿಂತ ಬರೀ 1 ಮಿಲಿಸೆಕೆಂಡ್ ತಡವಾಗಿ ಕೊನೆ ಮುಟ್ಟಿತು ಅನ್ನಿ. 1/1000ರಲ್ಲಿ ಇದ್ದ ಅಂತರವೇ 1 ಮಿಲಿಸೆಕೆಂಡ್, ಅದು ಪೂರ್ತಿ ಹೋಯಿತು, ಅಂಚು ಕಪ್ಪು. 1/500ರಲ್ಲಿ 2ರಲ್ಲಿ 1 ಹೋಯಿತು, ಒಂದು ಸ್ಟಾಪ್. 1/250ರಲ್ಲಿ 4ರಲ್ಲಿ 1, ಅರ್ಧ ಸ್ಟಾಪಿಗೂ ಕಡಿಮೆ. 1/125ರಲ್ಲಿ 8ರಲ್ಲಿ 1, ಕಣ್ಣಿಗೆ ಕಾಣದು. ನೀವು ಬರೆದದ್ದಕ್ಕೆ ಇದು ಅಕ್ಷರಶಃ ಹೊಂದುತ್ತದೆ. ಎಲ್ಲ ವೇಗದಲ್ಲೂ ತಪ್ಪು ಇದೆ, ದೊಡ್ಡ ವೇಗದಲ್ಲಿ ಮಾತ್ರ ಎದ್ದು ಕಾಣುತ್ತಿದೆ.

(ಬಲ ಅಂಚಿನಲ್ಲಿ ಕಪ್ಪಿನ ಬದಲು ಸ್ಪಷ್ಟ ಗೆರೆ ಎಳೆದಂತೆ ಬಿಳಿ ಪಟ್ಟಿ ಬಂದರೆ ಅದು ಬೇರೆ ರೋಗ. ಎರಡನೇ ಪರದೆ ಕೊನೆಗೆ ಬಡಿದು ಪುಟಿದು ಮತ್ತೆ ತೆರೆದುಕೊಳ್ಳುತ್ತಿದೆ ಎಂದರ್ಥ.)

ಮೊದಲ ಪರದೆ ಯಾಕೆ ನಿಧಾನವಾಯಿತು? ಐವತ್ತು ವರ್ಷದ ಎಣ್ಣೆ, ಪರದೆ ಸುತ್ತಿಕೊಳ್ಳುವ ಉರುಳೆಗಳ ತುದಿಯಲ್ಲಿ ಅಂಟಾಗಿ ಕೂತಿರುತ್ತದೆ. ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಅಂಟಿನ ಮೇಲೆ ಸ್ಪ್ರಿಂಗ್ ಬಿಗಿ ಮಾಡಿದರೆ ಇವತ್ತು ಸರಿಹೋಗುತ್ತದೆ, ಮೂರು ತಿಂಗಳಿಗೆ ಮತ್ತೆ ಅದೇ. ಅಷ್ಟರಲ್ಲಿ ಬಟ್ಟೆಗೂ ಅದರ ಪಟ್ಟಿಗಳಿಗೂ ಸುಮ್ಮನೆ ಎಳೆತ ಬಿದ್ದಿರುತ್ತದೆ. ಮೊದಲು ಅಳತೆ, ಆಮೇಲೆ ಶುದ್ಧಿ, ಕೊನೆಗೆ ಸ್ಪ್ರಿಂಗ್.

ಅಳತೆಗೆ ದುಬಾರಿ ಯಂತ್ರ ಬೇಡ. ಬಿಪಿಡಬ್ಲ್ಯೂ34 ಫೋಟೋಡಯೋಡ್ ಎರಡು ತನ್ನಿ, ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಹುಡುಕಿ. ಎರಡನ್ನೂ ಸಮಾನಾಂತರವಾಗಿ ಬೆಸುಗೆ ಹಾಕಿ, ಒಂದು ಕೇಬಲ್ಲಿನಿಂದ ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಕೊಡಿ. ಕಪ್ಪು ರಟ್ಟಿನಲ್ಲಿ 30 ಮಿ.ಮೀ. ಅಂತರಕ್ಕೆ ಎರಡು ಲಂಬ ಸೀಳು ಕತ್ತರಿಸಿ, ಒಂದೊಂದೂ 1 ಮಿ.ಮೀ. ಅಗಲ, ಅವುಗಳ ಹಿಂದೆ ಡಯೋಡ್ ಅಂಟಿಸಿ. ಹಿಂಬದಿ ಮುಚ್ಚಳ ತೆಗೆದ ಕ್ಯಾಮೆರಾದ ಫಿಲ್ಮ್ ಕಿಟಕಿಗೆ ಇದನ್ನು ಒತ್ತಿ ಹಿಡಿಯಿರಿ. ಲೆನ್ಸ್ ತೆಗೆದು ಮುಂದಿನಿಂದ ಬೆಳಕು ಬಿಡಿ. ಬಿಸಿಲು ಅಥವಾ ಬ್ಯಾಟರಿಗೆ ಹಾಕಿದ ಹಳೇ ಬಲ್ಬ್ ಆಗಬಹುದು. ಅಗ್ಗದ ಎಲ್‌ಇಡಿ ಬೇಡ, ಅದು ಮಿನುಗುವುದೇ ಅಲೆಯಲ್ಲಿ ಬಂದು ಗೊಂದಲವಾಗುತ್ತದೆ.

1/1000 ಅಥವಾ 1/500ರಲ್ಲಿ ಕ್ಲಿಕ್ ಮಾಡಿ, ಧ್ವನಿ ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ನೋಡಿದರೆ ಎರಡು ಗುಡ್ಡೆ ಕಾಣುತ್ತವೆ. ಮೊದಲ ಗುಡ್ಡೆಯ ಏರಿನಿಂದ ಎರಡನೆಯದರ ಏರಿನವರೆಗೆ ಮೊದಲ ಪರದೆಯ ಓಟ. ಇಳಿತದಿಂದ ಇಳಿತದವರೆಗೆ ಎರಡನೇ ಪರದೆಯ ಓಟ. ಗುಡ್ಡೆಯ ಅರ್ಧ ಎತ್ತರದಲ್ಲಿ ಅಳೆಯಿರಿ, ಇಲ್ಲದಿದ್ದರೆ ರಟ್ಟಿನ ಸೀಳಿನ ಅಗಲವೂ ಲೆಕ್ಕಕ್ಕೆ ಸೇರುತ್ತದೆ. 48,000 ಸ್ಯಾಂಪಲ್ ದರದಲ್ಲಿ 1 ಮಿಲಿಸೆಕೆಂಡ್ ಎಂದರೆ 48 ಚುಕ್ಕಿ, ಎಣಿಸಲು ಧಾರಾಳ. ಹತ್ತು ಸಲ ಕ್ಲಿಕ್ ಮಾಡಿ ಸರಾಸರಿ ತೆಗೆಯಿರಿ. ಮೊದಲ ಎರಡು ಕ್ಲಿಕ್ ಬಿಟ್ಟುಬಿಡಿ, ಬಹಳ ದಿನ ಸುಮ್ಮನಿದ್ದ ಶಟರ್ ಶುರುವಿನಲ್ಲಿ ತಡವರಿಸುತ್ತದೆ.

ಒಂದು ಎಚ್ಚರಿಕೆ: ವೇಗದ ಡಯಲ್ ತಿರುಗಿಸುವುದು ಶಟರ್ ಏರಿಸಿದ (ಮುಂದಿನ ಕ್ಲಿಕ್ಕಿಗೆ ಸಿದ್ಧ ಮಾಡಿದ) ಮೇಲೆಯೇ. ಏರಿಸದೆ ತಿರುಗಿಸಿದರೆ ಡಯಲ್ಲಿನ ಪಿನ್ ಸರಿಯಾದ ಗುಳಿಯಲ್ಲಿ ಕೂರದೆ ಕೆಡುತ್ತದೆ. ಅಳತೆಯ ಭರದಲ್ಲಿ ಇದು ಮರೆತುಹೋಗುವ ಸಾಧ್ಯತೆ ಜಾಸ್ತಿ.

---

ಗ್ರೌಂಡ್‌ಗ್ಲಾಸ್

ಶಟರ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಫೋಕಸ್ ಬಗ್ಗೆ ನಾನು ಬರೆಯುತ್ತೇನೆ.

ರೇಂಜ್‌ಫೈಂಡರ್ ಮುಟ್ಟುವ ಮುಂಚೆ ಲೆನ್ಸ್ ಮೌಂಟಿನಿಂದ ಫಿಲ್ಮಿನವರೆಗಿನ ದೂರ ನೋಡಿ. ಅದು 28.8 ಮಿ.ಮೀ. ಇರಬೇಕು. ಮೌಂಟ್ ರಿಂಗಿನ ಅಡಿಯಲ್ಲಿ ತೆಳು ಕಾಗದದ ಅಥವಾ ಹಿತ್ತಾಳೆಯ ಪದರಗಳಿರುತ್ತವೆ, ಕಾರ್ಖಾನೆಯಲ್ಲಿ ಆಯಾ ದೇಹಕ್ಕೆ ಅಳೆದು ಇಟ್ಟದ್ದು. ಹಿಂದೆ ಯಾರಾದರೂ ಬಿಚ್ಚಿ ಒಂದು ಪದರ ಕಳೆದಿದ್ದರೆ, ರೇಂಜ್‌ಫೈಂಡರ್ ಎಷ್ಟು ಚೆನ್ನಾಗಿ ಕೂಡಿಸಿದರೂ ಫೋಟೋ ಮಸುಕೇ. ಅದರಲ್ಲೂ ದೂರದ ದೃಶ್ಯ ಎಂದೂ ಚೂಪಾಗುವುದಿಲ್ಲ.

ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವವರು ಒಂದು ವಿಷಯ ಗಮನಿಸಿ. ಫಿಲ್ಮ್ ಕಿಟಕಿಯ ಪಕ್ಕ ಎರಡು ಜೊತೆ ಹಳಿಗಳಿವೆ. ಫಿಲ್ಮ್ ಕೂರುವುದು ಒಳಗಿನ ಹಳಿಯ ಮೇಲೆ, ಒತ್ತುವ ತಟ್ಟೆ ಕೂರುವುದು ಸ್ವಲ್ಪ ಎತ್ತರದ ಹೊರಗಿನ ಹಳಿಯ ಮೇಲೆ. ಹೊರಹಳಿಯಿಂದ ಅಳೆದು 29 ಬಂತೆಂದು ಹೆದರಿ ಪದರ ಕಿತ್ತರೆ ಕೆಲಸ ಕೆಟ್ಟಿತು. ನಾಲ್ಕು ಮೂಲೆಯಲ್ಲೂ ಅಳೆಯಿರಿ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಬಂದರೆ ಮೌಂಟ್ ವಾರೆ.

ನನಗೆ ಕ್ಯಾಲಿಪರಿಗಿಂತ ಗಾಜಿನ ಪರೀಕ್ಷೆಯ ಮೇಲೆ ನಂಬಿಕೆ ಹೆಚ್ಚು. 34.5 ಮಿ.ಮೀ. ಅಗಲದ ಗಾಜಿನ ತುಂಡು ಕತ್ತರಿಸಿ, ಒಂದು ಮುಖಕ್ಕೆ ಮಬ್ಬು ಟೇಪ್ ಗುಳ್ಳೆ ಬಾರದಂತೆ ಅಂಟಿಸಿ. ಟೇಪ್ ಇರುವ ಮುಖ ಲೆನ್ಸಿನ ಕಡೆ ಮಾಡಿ ಒಳಹಳಿಯ ಮೇಲೆ ಕೂರಿಸಿ. ಬರೀ ಟೇಪನ್ನು ಹಳಿಗೆ ಅಡ್ಡ ಎಳೆದು ಅಂಟಿಸುವವರಿದ್ದಾರೆ, ಅದು ನಡುವೆ ಜೋಲುತ್ತದೆ, ಬೇಡ. ಶಟರ್ 'ಬಿ'ಗೆ ಇಟ್ಟು, ಲಾಕ್ ಇರುವ ಕೇಬಲ್ ರಿಲೀಸಿನಿಂದ ತೆರೆದಿಡಿ. ಲೆನ್ಸ್ ಎಫ್/2, ಅನಂತ. ಕನಿಷ್ಠ 1 ಕಿ.ಮೀ. ದೂರದ ಟವರನ್ನು 8 ಪಟ್ಟು ಭೂತಗಾಜಿನಲ್ಲಿ ನೋಡಿ.

1 ಕಿ.ಮೀ. ಯಾಕೆಂದರೆ, 50 ಮಿ.ಮೀ. ಲೆನ್ಸಿಗೆ 100 ಮೀಟರಿನ ವಸ್ತು ಅನಂತದಿಂದ 0.025 ಮಿ.ಮೀ. ಆಚೆ ಬೀಳುತ್ತದೆ, 1 ಕಿ.ಮೀ.ಯದು 0.003 ಮಾತ್ರ. ಎದುರು ಮನೆಯ ನೀರಿನ ಟ್ಯಾಂಕು ಅನಂತವಲ್ಲ.

ಟವರ್ ಚೂಪಾಗಿ ಕಂಡರೆ ದೇಹ, ಲೆನ್ಸ್ ಎರಡೂ ಸರಿ. ಕಾಣದಿದ್ದರೆ ಇದೇ ಮೌಂಟಿಗೆ ಕೂರುವ ಇನ್ನೊಂದು (ಎಂ39) ಲೆನ್ಸ್ ಹಾಕಿ ನೋಡಿ, ದೋಷ ದೇಹದ್ದೋ ಲೆನ್ಸಿನದ್ದೋ ಗೊತ್ತಾಗುತ್ತದೆ. ಜ್ಯುಪಿಟರ್-8ರ ಗಾಜಿನ ಗುಂಪಿನ ಹಿಂದೆಯೂ ಒಂದು ಪದರ ರಿಂಗ್ ಇರುತ್ತದೆ, ಅದು ಕಳೆದುಹೋದ ಲೆನ್ಸುಗಳು ಬೇಕಾದಷ್ಟಿವೆ.

ಇಷ್ಟು ಆದ ಮೇಲೆ ರೇಂಜ್‌ಫೈಂಡರ್. ಮೇಲಿನ ಕವಚ ಬಿಚ್ಚಬೇಕಾಗಿಲ್ಲ.

ಮೊದಲು ಕಣ್ಣಿನ ಹೊಂದಾಣಿಕೆ. ರೀವೈಂಡ್ ಗುಬ್ಬಿಯ ಕೆಳಗೆ ಸಣ್ಣ ಸನ್ನೆ ಇದೆ, ಅದನ್ನು ಆಡಿಸಿ ಟವರ್ ಚೂಪಾಗಿ ಕಾಣುವಂತೆ ಮಾಡಿ. ಇದು ತಪ್ಪಿದ್ದರೆ ಬಿಂಬ ಕೂಡಿದೆಯೋ ಇಲ್ಲವೋ ತೀರ್ಮಾನಿಸಲು ಆಗುವುದೇ ಇಲ್ಲ.

ಆಮೇಲೆ ಮೇಲೆ-ಕೆಳಗೆ. ಮುಂಭಾಗದ ಸಣ್ಣ ಗುಂಡು ಕಿಟಕಿಯ ಸುತ್ತಲಿನ ರಿಂಗ್ ಎಡಕ್ಕೆ ತಿರುಗಿಸಿ ಬಿಚ್ಚಿ. ಬರದಿದ್ದರೆ ರಬ್ಬರ್ ಬೂಚನ್ನು ಒತ್ತಿ ತಿರುಗಿಸಿ, ಇಕ್ಕಳ ಬೇಡ. ಒಳಗೆ ತಿರುಗುವ ಚೌಕಟ್ಟಿನಲ್ಲಿ ಒಂದು ಗಾಜಿದೆ. ನೋಡಲು ಚಪ್ಪಟೆ, ನಿಜಕ್ಕೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ತಿರುಗಿಸಿದಂತೆ ಎರಡನೇ ಬಿಂಬ ಸಣ್ಣ ವೃತ್ತದಲ್ಲಿ ಸುತ್ತುತ್ತದೆ. ಎತ್ತರ ಸರಿಹೋದ ಕಡೆ ನಿಲ್ಲಿಸಿ. ಪಕ್ಕಕ್ಕೂ ಸರಿದಿರುತ್ತದೆ, ಚಿಂತೆ ಬೇಡ. ಇದೇ ಕಾರಣಕ್ಕೆ ಇದನ್ನು ಮೊದಲು ಮಾಡಬೇಕು.

ಇನ್ನು ಪಕ್ಕಕ್ಕೆ, ಅನಂತದಲ್ಲಿ. ಗುಂಡು ಕಿಟಕಿಯ ಹತ್ತಿರ ಕವಚದ ಮುಂಭಾಗದಲ್ಲಿ ಒಂಟಿ ಸ್ಕ್ರೂ ಒಂದಿದೆ. ಅದು ಏನನ್ನೂ ಹಿಡಿದಿಲ್ಲ, ಒಳಗಿನ ಹೊಂದಾಣಿಕೆ ಸ್ಕ್ರೂವಿಗೆ ಬಾಗಿಲು ಅಷ್ಟೇ. ತೆಗೆದು, ತೆಳು ಸ್ಕ್ರೂಡ್ರೈವರ್ ತೂರಿಸಿ, ಲೆನ್ಸ್ ಅನಂತದಲ್ಲಿಟ್ಟು, ಕೂದಲೆಳೆಯಷ್ಟೇ ತಿರುಗಿಸುತ್ತಾ ಟವರ್ ಕೂಡಿಸಿ.

ಇಲ್ಲಿಗೆ ಬಹಳ ಮಂದಿ ನಿಲ್ಲಿಸುತ್ತಾರೆ. ಹಾಗಾಗಿ 1 ಮೀಟರಿನಲ್ಲಿ ತಪ್ಪು ಉಳಿಯುತ್ತದೆ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗ ನೋಡಿ: ಲೆನ್ಸಿನ ಹಿಂಬದಿಗೆ ತಾಗುವ ತೋಳಿನ ತುದಿಯಲ್ಲಿ ಬೆಣೆಯಂತಹ ನಾಲಿಗೆ ಇದೆ. ಲೈಕಾದಲ್ಲಿ ಆ ಜಾಗಕ್ಕೆ ಪುಟ್ಟ ಚಕ್ರ, ಇಲ್ಲಿ ನಾಲಿಗೆ. ಅದನ್ನು ಹಿಡಿದಿರುವ ಸ್ಕ್ರೂ ಸಡಿಲಿಸಿ ನಾಲಿಗೆಯನ್ನು ಕೊಂಚ ತಿರುಗಿಸಿದರೆ, ಲೆನ್ಸ್ ಚಲಿಸಿದಷ್ಟಕ್ಕೆ ಬಿಂಬ ಎಷ್ಟು ಸರಿಯಬೇಕು ಎಂಬ ಪ್ರಮಾಣ ಬದಲಾಗುತ್ತದೆ. ಬದಲಾಯಿಸುವ ಮುಂಚೆ ಈಗಿರುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿಕೊಳ್ಳಿ.

1 ಮೀಟರಿಗೆ ಲೆನ್ಸಿನ ಅಂಕಿ ನಂಬಬೇಡಿ. ಗಾಜಿನಲ್ಲಿ ನೋಡಿ ಸ್ಕೇಲಿನ ಒಂದು ಗೆರೆ ಚೂಪು ಮಾಡಿ, ಲೆನ್ಸ್ ಅಲುಗಿಸದೆ ಕಿಂಡಿಯಲ್ಲಿ ಅದೇ ಗೆರೆ ಕೂಡಿದೆಯೇ ನೋಡಿ. ಕೂಡಿಲ್ಲದಿದ್ದರೆ ನಾಲಿಗೆ ತಿರುಗಿಸಿ. ಆಗ ಅನಂತ ತಪ್ಪುತ್ತದೆ, ಸ್ಕ್ರೂವಿನಿಂದ ಅದನ್ನು ಸರಿಮಾಡಿ. ಮತ್ತೆ 1 ಮೀಟರ್. ಮೂರ್ನಾಲ್ಕು ಸುತ್ತಿಗೆ ಎರಡೂ ಒಂದಕ್ಕೊಂದು ಕೂಡುತ್ತವೆ.

ಎಷ್ಟು ಸರಿಯಾದರೆ ಸಾಕು? 50 ಮಿ.ಮೀ. ಎಫ್/2ರಲ್ಲಿ 1 ಮೀಟರಿಗೆ ಚೂಪಿನ ಆಳ ಒಟ್ಟು ಸುಮಾರು 5 ಸೆಂ.ಮೀ. ನಿಮ್ಮ 6 ಸೆಂ.ಮೀ. ತಪ್ಪು ಅದರಿಂದ ಪೂರ್ತಿ ಹೊರಗೆ. 1 ಸೆಂ.ಮೀ. ಒಳಗೆ ತಂದರೆ ನಿಲ್ಲಿಸಿ.

ಕಿಂಡಿಯ ಒಳಗಿನ ಅರೆಪಾರದರ್ಶಕ ಗಾಜನ್ನು ಹತ್ತಿಯಿಂದ ಉಜ್ಜಬೇಡಿ. ಹಳೆಯ ಲೇಪ ಹತ್ತಿಗೇ ಅಂಟಿಕೊಂಡು ಬರುತ್ತದೆ, ಬಂದರೆ ಎರಡನೇ ಬಿಂಬವೇ ಮಾಯ. ಗಾಳಿ ಊದಿದರೆ ಸಾಕು.

---

ಸಾಸಿವೆ_ಗ್ರೀಸ್

ಲೆನ್ಸ್ ಬಿಗಿ ಇರುವುದನ್ನು ಗ್ರೌಂಡ್‌ಗ್ಲಾಸ್ ಸರ್ ಹೇಳಿದ ಹೊಂದಾಣಿಕೆಗಿಂತ ಮುಂಚೆ ಬಗೆಹರಿಸಿಕೊಳ್ಳಿ. ಲೆನ್ಸ್ ಮೌಂಟಿನಲ್ಲಿ ಅಲುಗುತ್ತಿದ್ದರೆ ನಾಲಿಗೆಗೆ ತಾಗುವ ಜಾಗವೂ ಅಲುಗುತ್ತದೆ, ಹೊಂದಿಸಿದ್ದು ನಿಲ್ಲುವುದಿಲ್ಲ.

ಜ್ಯುಪಿಟರ್-8ರಲ್ಲಿ ಗಾಜಿನ ಗುಂಪು ಒಂದೇ ತುಂಡಾಗಿ ಫೋಕಸ್ ಮೌಂಟಿನಿಂದ ತಿರುಗಿಸಿ ಹೊರಬರುತ್ತದೆ. ಹಿಂದಿನ ಪದರ ರಿಂಗ್ ಬೀಳದಂತೆ ಬಟ್ಟೆಯ ಮೇಲೆ ಮಾಡಿ. ಗಾಜು ಪಕ್ಕಕ್ಕಿಟ್ಟ ಮೇಲೆ ಮೌಂಟ್ ಬಿಚ್ಚಿ. ಮೌಂಟಿನ ಈ ಮರೆ (ತಿರುಪಿನ ಸುತ್ತು) ಹಲವು ಎಳೆಯದ್ದು. ಹತ್ತಾರು ಜಾಗದಲ್ಲಿ ಕಚ್ಚಿಕೊಳ್ಳುತ್ತದೆ, ಸರಿಯಾದದ್ದು ಒಂದೇ. ಎರಡು ಭಾಗ ಬೇರೆಯಾಗುವ ಕ್ಷಣದಲ್ಲಿ ಎರಡರ ಮೇಲೂ ಗೆರೆ ಗೀಚಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಈ ಒಂದು ಗೆರೆ ತಪ್ಪಿಸಿದರೆ ಜೋಡಿಸಲು ಇಡೀ ದಿನ ಹೋಗುತ್ತದೆ.

ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ಮರೆಯ ಪ್ರತಿ ಸಾಲು ತಿಕ್ಕಿ, ಬಟ್ಟೆಯಲ್ಲಿ ಕಪ್ಪು ಬಾರದವರೆಗೂ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಹೊಸ ಗ್ರೀಸ್ ಸಾಸಿವೆ ಕಾಳಿನಷ್ಟು, ಮರೆಯ ಸುತ್ತ ನಾಲ್ಕೈದು ಕಡೆ. ಹೆಚ್ಚಾದರೆ ಅಪರ್ಚರ್ ಎಲೆಗಳಿಗೆ ಹರಿಯುತ್ತದೆ. ವ್ಯಾಸಲೀನ್ ಬೇಡವೇ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ಗಾಜಿಗೆ ಆವಿಯಾಗಿ ಕೂರುತ್ತದೆ. ಲೆನ್ಸಿನ ಮರೆಗೆಂದೇ ಬರುವ ಗ್ರೀಸ್ ತರಿಸಿ.

---

ಪರದೆಯ_ಹಿಂದೆ

ಲೈಟರ್ ಪೆಟ್ರೋಲ್ ಮಾತು ಬಂದದ್ದರಿಂದ ಹೇಳುತ್ತೇನೆ: ಅದು ಲೋಹಕ್ಕೆ ಮಾತ್ರ. ಶಟರ್ ಬಟ್ಟೆಗೆ ತಾಗಿದರೆ ರಬ್ಬರ್ ಲೇಪ ಉಬ್ಬಿ ಬಿರುಕು ಬಿಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯಂತೂ ಕ್ಯಾಮೆರಾದ ಹತ್ತಿರವೂ ತರಬೇಡಿ.

ಉರುಳೆಗಳ ತುದಿಗೆ 000 ನಂಬರಿನ ಬ್ರಷ್ಷಿನ ಮೊನೆ ಅದ್ದಿ, ಟಿಶ್ಯೂಗೆ ಒಮ್ಮೆ ಒತ್ತಿ, ಉಳಿದ ತೇವವನ್ನು ಮಾತ್ರ ತಾಗಿಸಿ. ಹತ್ತು ಸಲ ಏರಿಸಿ ಬಿಡಿ. ಹೀಗೆ ಮೂರು ಸಲ. ಒಂದು ರಾತ್ರಿ ಒಣಗಲಿ. ಆಮೇಲೆ ಸೂಜಿ ಮೊನೆಯಲ್ಲಿ ಗಡಿಯಾರದ ಎಣ್ಣೆ, ತುದಿಗೊಂದು ಚುಕ್ಕಿ. ಹೊಲಿಗೆ ಯಂತ್ರದ ಎಣ್ಣೆ ಹರಿದು ಬಟ್ಟೆ ಸೇರುತ್ತದೆ, ಬೇಡ.

ಬಟ್ಟೆಯನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಕತ್ತಲೆ ಕೋಣೆಯಲ್ಲಿ ಲೆನ್ಸ್ ಇಲ್ಲದೆ ಮುಂದಿನಿಂದ ಟಾರ್ಚ್ ಹಿಡಿದು ಹಿಂದಿನಿಂದ ನೋಡಿ, ಶಟರ್ ಏರಿಸಿದಾಗ ಒಮ್ಮೆ, ಇಳಿದಾಗ ಒಮ್ಮೆ. ನಕ್ಷತ್ರದಂತೆ ಚುಕ್ಕಿ ಕಂಡರೆ ತೂತು. ಒಂದೆರಡಿದ್ದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣ ತೆಳ್ಳಗೆ ಹಚ್ಚಿ, ಶಟರನ್ನು ತೂತು ಕಂಡ ಸ್ಥಿತಿಯಲ್ಲೇ ಒಂದು ದಿನ ಒಣಗಲು ಬಿಡಿ. ದಪ್ಪ ಹಚ್ಚಿದರೆ ಉರುಳೆಗೆ ಸುತ್ತಿಕೊಳ್ಳುವಾಗ ಅಂಟುತ್ತದೆ, ಪರದೆಯ ವೇಗವೂ ಬದಲಾಗುತ್ತದೆ.

---

ನೆಗೆಟಿವ್_ಗಂಟು

ಎಲ್ಲರಿಗೂ ಧನ್ಯವಾದ. ಅಂಕಿಗಳು, 30 ಮಿ.ಮೀ. ಅಂತರಕ್ಕೆ, ಹತ್ತು ಕ್ಲಿಕ್ಕಿನ ಸರಾಸರಿ:

ಶುದ್ಧಿಗೆ ಮುಂಚೆ: ಮೊದಲ ಪರದೆ 16.1, ಎರಡನೆಯದು 15.2 ಮಿಲಿಸೆಕೆಂಡ್.
ಶುದ್ಧಿಯ ನಂತರ: 15.5 ಮತ್ತು 15.2.

ತೂತು ಇಲ್ಲ. ಲೆನ್ಸ್ ಗ್ರೀಸ್ ಆಯಿತು. ಗಾಜಿನಲ್ಲಿ ಟವರ್ ಚೂಪಾಗಿದೆ, ಪದರ ಮುಟ್ಟಲಿಲ್ಲ. ರೇಂಜ್‌ಫೈಂಡರ್ ನಾಲ್ಕು ಸುತ್ತಿಗೆ ಅನಂತದಲ್ಲೂ 1 ಮೀಟರಿನಲ್ಲೂ ಕೂಡಿತು. ಉಳಿದ 0.3 ಮಿಲಿಸೆಕೆಂಡಿಗೆ ಸ್ಪ್ರಿಂಗ್ ಮುಟ್ಟಬೇಕೇ?

---

ಪರದೆಯ_ಹಿಂದೆ

ಮೂರರಲ್ಲಿ ಎರಡು ಪಾಲು ಕೆಲಸ ಶುದ್ಧಿಯಲ್ಲೇ ಮುಗಿದಿದೆ. 30 ಮಿ.ಮೀ.ಗೆ 0.3 ಎಂದರೆ 36ಕ್ಕೆ 0.36. 1/500ರಲ್ಲಿ ಬಲ ಅಂಚು ಸುಮಾರು 0.3 ಸ್ಟಾಪ್ ಕಡಿಮೆ, 1/1000ರಲ್ಲಿ 0.6. ನೀವು 1/500ರವರೆಗೆ ಮಾತ್ರ ಬಳಸುವುದಾದರೆ ಹಾಗೇ ಬಿಡಿ ಅನ್ನುತ್ತೇನೆ, ಕಪ್ಪು-ಬಿಳುಪಿನಲ್ಲಿ ಕಾಣುವುದಿಲ್ಲ. 1/1000 ಬೇಕೇ ಬೇಕೆಂದರೆ ಹೀಗೆ ಮಾಡಿ.

ಸ್ಪ್ರಿಂಗ್ ಇರುವ ಎರಡು ಉರುಳೆಗಳು ರೀವೈಂಡ್ ಬದಿಯಲ್ಲಿವೆ, ಅವುಗಳ ತುದಿ ತಳದಲ್ಲಿ ಸಿಗುತ್ತದೆ. ಪ್ರತಿಯೊಂದಕ್ಕೂ ಅಲುಗದಂತೆ ಹಿಡಿಯುವ ಸಣ್ಣ ಸ್ಕ್ರೂ ಇದೆ. ಶಟರ್ ಇಳಿದಿರಲಿ. ಮೊದಲು ಉರುಳೆಯ ತುದಿಯ ಸೀಳಿಗೆ ಸ್ಕ್ರೂಡ್ರೈವರ್ ಕೂರಿಸಿ ಗಟ್ಟಿಯಾಗಿ ಹಿಡಿಯಿರಿ, ಆಮೇಲೆ ಇನ್ನೊಂದು ಕೈಯಲ್ಲಿ ಹಿಡಿತದ ಸ್ಕ್ರೂ ಸಡಿಲಿಸಿ. ಉಲ್ಟಾ ಮಾಡಿದರೆ ಸ್ಪ್ರಿಂಗ್ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಎಷ್ಟು ಸುತ್ತು ಇತ್ತೆಂಬ ಲೆಕ್ಕವೂ ಅದರ ಜೊತೆ ಹೋಗುತ್ತದೆ. ಸೀಳು ಯಾವ ದಿಕ್ಕಿಗಿತ್ತೆಂದು ಮುಂಚೆಯೇ ಶಾಯಿ ಚುಕ್ಕಿ ಇಟ್ಟುಕೊಳ್ಳಿ.

ಯಾವ ಉರುಳೆ ಯಾವ ಪರದೆಯದು ಎಂಬ ಅನುಮಾನ ಬಂದರೆ, ಒಂದನ್ನು ಎಂಟನೇ ಒಂದು ಸುತ್ತು ಬಿಗಿ ಮಾಡಿ ಅಳೆಯಿರಿ. ಏರಿನ ಅಂತರ ಕಡಿಮೆಯಾದರೆ ಅದು ಮೊದಲ ಪರದೆ. ಇಳಿತದ್ದು ಕಡಿಮೆಯಾದರೆ ತಪ್ಪು ಉರುಳೆ, ಚುಕ್ಕಿಗೆ ವಾಪಸ್ ತನ್ನಿ. ಪ್ರತಿ ಸಲ ಎಂಟನೇ ಒಂದು ಸುತ್ತು, ಹಿಡಿತದ ಸ್ಕ್ರೂ ಬಿಗಿ, ಹತ್ತು ಕ್ಲಿಕ್, ಸರಾಸರಿ. ಒಟ್ಟು ಅರ್ಧ ಸುತ್ತು ದಾಟಿದರೂ ಸಾಲದಿದ್ದರೆ ನಿಲ್ಲಿಸಿ. ಎಲ್ಲೋ ಇನ್ನೂ ಅಂಟಿದೆ, ಅಥವಾ ಬಟ್ಟೆ ಗಡುಸಾಗಿದೆ.

---

ನೆಗೆಟಿವ್_ಗಂಟು

ಎಂಟನೇ ಒಂದು ಸುತ್ತು ಒಮ್ಮೆ. ಈಗ 15.2 ಮತ್ತು 15.1. ಸ್ಕ್ರೂ ಬಿಗಿ ಮಾಡಿದ್ದೇನೆ.

---

ಗ್ರೌಂಡ್‌ಗ್ಲಾಸ್

ತುಂಬಾ ಸಂತೋಷ. ಬಾಗಿಲ ಸ್ಕ್ರೂವನ್ನು ಮರೆಯದೆ ವಾಪಸ್ ಹಾಕಿ. ದೇಹದಲ್ಲಿ ಬೇರೆಲ್ಲಾದರೂ, ಮುಖ್ಯವಾಗಿ ಫಿಲ್ಮ್ ಕೋಣೆಯ ಒಳಗೆ, ಸ್ಕ್ರೂ ಬಿದ್ದುಹೋದ ಖಾಲಿ ತೂತಿದೆಯೇ ನೋಡಿ. ಅಲ್ಲಿಂದ ಬೆಳಕು ನುಗ್ಗಿ ಫಿಲ್ಮಿನ ಮೇಲೆ ಪಟ್ಟೆ ಬರುತ್ತದೆ, ಜನ ಅದನ್ನು ಪರದೆಯ ತೂತೆಂದು ತಿಳಿದು ಒಳ್ಳೆಯ ಬಟ್ಟೆಗೇ ಬಣ್ಣ ಹಚ್ಚುತ್ತಾರೆ.